ಮಿನಿ 2 ಡ್ರೋನ್‌ನಲ್ಲಿ 4ಕೆ, 2.7ಕೆ, 1080ಪಿ: ಒಂದು ವರ್ಷ ಮೂರನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. 4ಕೆ, 2.7ಕೆ, 1080ಪಿ ಅನ್ನುವುದು ವಿಡಿಯೋದ ರೆಸಲ್ಯೂಶನ್, ಅಂದರೆ ಒಂದು ಚಿತ್ರದಲ್ಲಿ ಎಷ್ಟು ಚುಕ್ಕೆ (ಪಿಕ್ಸೆಲ್) ಇರುತ್ತವೆ ಅನ್ನುವ ಲೆಕ್ಕ. ಮೂರರಲ್ಲಿ 4ಕೆಗೆ ಎಲ್ಲಕ್ಕಿಂತ ಜಾಸ್ತಿ, 1080ಪಿಗೆ ಎಲ್ಲಕ್ಕಿಂತ ಕಡಿಮೆ. ಹವ್ಯಾಸಕ್ಕೆ ಡ್ರೋನ್ ಹಾರಿಸುವವರು 4ಕೆಯಲ್ಲೇ ರೆಕಾರ್ಡ್ ಮಾಡಿ. ಎಡಿಟ್ ಆದ ಮೇಲೆ ಬೇಕಿದ್ದರೆ 1080ಪಿಗೆ ಇಳಿಸಿ. ಸೆಕೆಂಡಿಗೆ 25 ಅಥವಾ 30 ಫ್ರೇಮ್, ಅಂದರೆ ಬಿಡಿ ಚಿತ್ರ, ಸಾಕು. ಮೆಮೊರಿ ಕಾರ್ಡ್ ಮಾತ್ರ ಒಳ್ಳೆಯದು ಹಾಕಿ. ಇಷ್ಟು ತಿಳಿದರೆ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಿ ಹಾರಿಸಲು ಹೋಗಬಹುದು. ಯಾಕೆ ಹೀಗೆ ಅಂತ ತಿಳಿಯಬೇಕು ಅನ್ನುವವರಿಗೆ ಮುಂದೆ ಉದ್ದಕ್ಕೆ ಬರೆದಿದ್ದೇನೆ, ಯಾಕಂದರೆ ಮೊದಲ ಆರು ತಿಂಗಳು ನಾನು ಇದಕ್ಕೆ ಪೂರ್ತಿ ಉಲ್ಟಾ ಮಾಡಿದ್ದೆ, ಆಗ ತೆಗೆದ ಕೆಲವು ದೃಶ್ಯಗಳು ನನಗೆ ಮತ್ತೆ ಸಿಗುವುದಿಲ್ಲ.

ನನ್ನ ಹತ್ತಿರ ಇರುವುದು ಡಿಜೆಐ ಕಂಪನಿಯ ಮಿನಿ 2. 2020ರ ಕೊನೆಯಲ್ಲಿ ಬಂದ ಮಾದರಿ. ತೂಕ 249 ಗ್ರಾಂ. ಬೆಳಕನ್ನು ಚಿತ್ರ ಮಾಡುವ ಸೆನ್ಸರ್ 1/2.3 ಇಂಚಿನದು, 12 ಮೆಗಾಪಿಕ್ಸೆಲ್. ಲೆನ್ಸಿನ ಅಪರ್ಚರ್, ಅಂದರೆ ಬೆಳಕು ಒಳಗೆ ಬರುವ ಕಿಂಡಿ, ಎಫ್/2.8, ಅದು ಬದಲಾಗುವುದಿಲ್ಲ. 4ಕೆಯಲ್ಲಿ ಸೆಕೆಂಡಿಗೆ 30 ಫ್ರೇಮ್ ತನಕ, 2.7ಕೆ ಮತ್ತು 1080ಪಿಯಲ್ಲಿ 60 ಫ್ರೇಮ್ ತನಕ ರೆಕಾರ್ಡ್ ಮಾಡಬಹುದು. ಬಿಟ್‌ರೇಟ್, ಅಂದರೆ ಒಂದು ಸೆಕೆಂಡಿನ ವಿಡಿಯೋಗೆ ಉಳಿಸುವ ಮಾಹಿತಿ, ಜಾಸ್ತಿ ಅಂದರೆ ಸೆಕೆಂಡಿಗೆ 100 ಮೆಗಾಬಿಟ್. ಇದರ ನಂತರ ಎಷ್ಟೋ ಹೊಸ ಡ್ರೋನ್ ಬಂದಿವೆ. ಮಿನಿ 3 ಪ್ರೊ 4ಕೆಯಲ್ಲೇ 60 ಫ್ರೇಮ್ ಕೊಡುತ್ತದೆ, ಏರ್ 2ಎಸ್ 5.4ಕೆ ತನಕ ಹೋಗುತ್ತದೆ. ಆದರೆ ಮೆನು ತೆರೆದಾಗ ಎದುರಿಗೆ ಬರುವ ಪ್ರಶ್ನೆ ಎಲ್ಲದರಲ್ಲೂ ಒಂದೇ, ಯಾವುದಕ್ಕೆ ಇಡುವುದು? ಅದಕ್ಕೇ ಇದನ್ನು ಡ್ರೋನ್‌ನ ವಿಮರ್ಶೆ ಅನ್ನುವುದಕ್ಕಿಂತ ಆ ಮೆನುವಿನ ಮೂರು ಸಾಲುಗಳ ವಿಮರ್ಶೆ ಅಂದುಕೊಳ್ಳಿ.

ಡ್ರೋನ್ ಕೈಗೆ ಬಂದಾಗ ನಾನು 1080ಪಿಗೆ ಇಟ್ಟೆ. ಕಾರಣ ಸರಳ. ನೋಡುವುದು ಫೋನಿನಲ್ಲಿ, ಟಿವಿಯೂ ದೊಡ್ಡದಲ್ಲ, ಸುಮ್ನೆ ಕಾರ್ಡ್ ಯಾಕೆ ತುಂಬಿಸಬೇಕು ಅಂತ. ಒಂದು ಬೆಳಿಗ್ಗೆ ಕೆರೆಯ ದಂಡೆಯಿಂದ ಹಾರಿಸಿದ್ದೆ. ನೀರಿನ ಮೇಲೆ ಇನ್ನೂ ಮಂಜು ಇತ್ತು. ಆ ಕಡೆಯ ಮರಗಳಿಂದ ಬೆಳ್ಳಕ್ಕಿಗಳ ಒಂದು ಗುಂಪು ಎದ್ದು ಕೆರೆಯ ಮೇಲೆ ಅಡ್ಡಲಾಗಿ ಹಾರಿತು. ನಾನು ಡ್ರೋನ್ ಅಲ್ಲೇ ನಿಲ್ಲಿಸಿದೆ, ಹತ್ತಿರ ಒಯ್ಯಲಿಲ್ಲ. ಹಕ್ಕಿಗಳ ಹತ್ತಿರ ಒಯ್ಯಲೂ ಬಾರದು, ಅವು ಗಾಬರಿಯಾಗುತ್ತವೆ. ನೂರು ಮೀಟರ್ ದೂರದಿಂದಲೇ ಹನ್ನೆರಡು ಸೆಕೆಂಡ್ ಸಿಕ್ಕಿತು. ಫೋನಿನ ಪರದೆಯಲ್ಲಿ ನೋಡಿದಾಗ ಮೈ ಜುಮ್ಮೆಂದಿತ್ತು. ಮನೆಗೆ ಬಂದು ಕಂಪ್ಯೂಟರಿನಲ್ಲಿ ಹಾಕಿ ನೋಡಿದರೆ ಹಕ್ಕಿಗಳಿಲ್ಲ, ಮಿನುಗುವ ಬಿಳಿ ಚುಕ್ಕೆಗಳಿವೆ. ಸ್ವಲ್ಪ ದೊಡ್ಡದು ಮಾಡೋಣ ಅಂದರೆ ಚುಕ್ಕೆಗಳು ಚೌಕಗಳಾದವು.

ಆಮೇಲೆ ಕೂತು ಲೆಕ್ಕ ಹಾಕಿದೆ. ಈ ಡ್ರೋನ್‌ನ ಲೆನ್ಸ್ ನೂರು ಮೀಟರ್ ದೂರದಲ್ಲಿ ಸುಮಾರು 140 ಮೀಟರ್ ಅಗಲದ ಜಾಗವನ್ನು ಒಂದು ಫ್ರೇಮಿನಲ್ಲಿ ಹಿಡಿಯುತ್ತದೆ. 1080ಪಿ ಅಂದರೆ ಅಡ್ಡಕ್ಕೆ 1920 ಪಿಕ್ಸೆಲ್. ಅಲ್ಲಿಗೆ ಒಂದು ಪಿಕ್ಸೆಲ್ಲಿಗೆ ಏಳು ಸೆಂಟಿಮೀಟರಿಗಿಂತ ಜಾಸ್ತಿ ಜಾಗ ಬಂತು. ರೆಕ್ಕೆ ಬಿಚ್ಚಿದರೆ ಒಂದು ಮೀಟರ್ ಹತ್ತಿರ ಬರುವ ಬೆಳ್ಳಕ್ಕಿ ಹದಿಮೂರೋ ಹದಿನಾಲ್ಕೋ ಪಿಕ್ಸೆಲ್ಲಿನಲ್ಲಿ ಮುಗಿದುಹೋಯಿತು. 4ಕೆಯಲ್ಲಿ ಅಡ್ಡಕ್ಕೆ 3840 ಪಿಕ್ಸೆಲ್, ಅದೇ ಹಕ್ಕಿಗೆ ಇಪ್ಪತ್ತೇಳು ಸಿಗುತ್ತಿತ್ತು. ಇಪ್ಪತ್ತೇಳು ಅಂದರೆ ತುಂಬಾ ಏನಲ್ಲ, ಆದರೆ ರೆಕ್ಕೆ ಮೇಲೆ ಕೆಳಗೆ ಆಡುವುದು ಕಾಣಲು ಅಷ್ಟು ಸಾಕು.

ನೆಲದ ಮೇಲೆ ಕ್ಯಾಮೆರಾ ಹಿಡಿದವರಿಗೂ ನಮಗೂ ಇರುವ ವ್ಯತ್ಯಾಸ ಇದೇ. ಅವರು ನಾಲ್ಕು ಹೆಜ್ಜೆ ಮುಂದೆ ಹೋದರೆ ಮುಖ ದೊಡ್ಡದಾಗುತ್ತದೆ. ನಮಗೆ ಎಲ್ಲವೂ ದೂರ, ಎಲ್ಲವೂ ಚಿಕ್ಕದು, ಲೆನ್ಸ್ ಬೇರೆ ಅಗಲದ್ದು. ಫ್ರೇಮಿನಲ್ಲಿ ಸಾವಿರಾರು ಎಲೆ, ಹುಲ್ಲು, ಹೆಂಚು, ನೀರಿನ ಅಲೆ. ಇಂಥ ಚಿತ್ರಕ್ಕೆ ಪಿಕ್ಸೆಲ್ ಕಡಿಮೆಯಾದರೆ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಹೊಡೆಯುತ್ತದೆ. ಒಬ್ಬರ ಮುಖವನ್ನು ಹತ್ತಿರದಿಂದ ತೆಗೆದರೆ 1080ಪಿ ಚೆನ್ನಾಗಿಯೇ ಕಾಣುತ್ತದೆ, ಅದನ್ನು ನೋಡಿ ಡ್ರೋನಿಗೂ ಸಾಕು ಅಂದುಕೊಂಡದ್ದು ನನ್ನ ತಪ್ಪು.

ಹಾಗಂತ ಒಂದು ಘಟನೆ ನೋಡಿ ತೀರ್ಮಾನ ಮಾಡಬಾರದು ಅಲ್ವಾ. ಗಾಳಿ ಇಲ್ಲದ ಒಂದು ದಿನ ಒಂದೇ ದಾರಿಯಲ್ಲಿ ಮೂರು ಸಲ ಹಾರಿಸಿದೆ, ಒಂದೊಂದು ಸಲಕ್ಕೆ ಒಂದೊಂದು ರೆಸಲ್ಯೂಶನ್. ಎತ್ತರ ಅದೇ, ವೇಗ ಅದೇ, ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು) ಮತ್ತು ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವುದು) ಎರಡನ್ನೂ ಕೈಯಿಂದಲೇ ಒಂದೇ ಕಡೆ ಇಟ್ಟಿದ್ದೆ. ಕೆಳಗೆ ಒಂದು ಹೆಂಚಿನ ಮಾಡು, ಅದರ ಪಕ್ಕ ಒಂದು ದೊಡ್ಡ ಮರ, ಆಚೆ ಒಂದು ತಂತಿ ಬೇಲಿ. ಮೂರನ್ನೂ ಅದೇ ಟಿವಿಯಲ್ಲಿ ಹಾಕಿ ನೋಡಿದೆ.

ಮರದಲ್ಲಿ ದೊಡ್ಡ ವ್ಯತ್ಯಾಸ ಕಂಡಿತು. 4ಕೆಯಲ್ಲಿ ಎಲೆಗಳ ಗೊಂಚಲು ಬೇರೆ ಬೇರೆಯಾಗಿ ಕಾಣುತ್ತಿತ್ತು, 1080ಪಿಯಲ್ಲಿ ಹಸಿರು ಬಣ್ಣ ಬಳಿದ ಹಾಗೆ. ಹೆಂಚಿನ ಮಾಡಿನ ಮೇಲೆ ಡ್ರೋನ್ ನಿಧಾನಕ್ಕೆ ಸಾಗುವಾಗ 1080ಪಿಯಲ್ಲಿ ಹೆಂಚಿನ ಸಾಲುಗಳ ಮೇಲೆ ಇನ್ನೊಂದು ಅಲೆ ಹರಿದಾಡಿದಂತೆ ಕಂಡಿತು. ಇದಕ್ಕೆ ಮೋಯರೆ ಅನ್ನುತ್ತಾರೆ. ಸಣ್ಣ ಸಣ್ಣ ಗೆರೆಗಳು ಪಿಕ್ಸೆಲ್ ಸಾಲುಗಳಿಗಿಂತ ಒತ್ತಾಗಿ ಬಂದಾಗ ಆಗುವಂಥದ್ದು, ಯಾವ ಕ್ಯಾಮೆರಾದಲ್ಲೂ ಆಗಬಹುದು. ಒಂದು ಸಲ ವಿಡಿಯೋದಲ್ಲಿ ಸೇರಿಕೊಂಡರೆ ಎಡಿಟಿಂಗಿನಲ್ಲಿ ತೆಗೆಯುವುದು ತುಂಬಾ ಕಷ್ಟ. ಬೇಲಿಯ ತಂತಿ 4ಕೆಯಲ್ಲಿ ತೆಳ್ಳಗೆ ಉದ್ದಕ್ಕೂ ಇತ್ತು, 1080ಪಿಯಲ್ಲಿ ಅಲ್ಲಲ್ಲಿ ತುಂಡಾಗಿ ಕುಣಿಯುತ್ತಿತ್ತು.

ಇದಕ್ಕಿಂತ ಮುಖ್ಯವಾದ ಪರೀಕ್ಷೆ ಇನ್ನೊಂದು. 4ಕೆ ಫೈಲನ್ನೇ ಕಂಪ್ಯೂಟರಿನಲ್ಲಿ 1080ಪಿಗೆ ಇಳಿಸಿದೆ. ಆಮೇಲೆ ಅದನ್ನೂ ಡ್ರೋನ್ ನೇರವಾಗಿ ತೆಗೆದ 1080ಪಿಯನ್ನೂ ಅಕ್ಕಪಕ್ಕ ಇಟ್ಟೆ. ಎರಡರ ಪಿಕ್ಸೆಲ್ ಸಂಖ್ಯೆ ಒಂದೇ. ಆದರೂ ಇಳಿಸಿದ್ದು ಎದ್ದು ಕಾಣುವಷ್ಟು ಚೆನ್ನಾಗಿತ್ತು. ಇದಕ್ಕೆ ಕಾರಣ ಇದೆ. 4ಕೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್, 1080ಪಿಯಲ್ಲಿ ಸುಮಾರು 21 ಲಕ್ಷ. ಇಳಿಸುವಾಗ ನಾಲ್ಕು ಪಿಕ್ಸೆಲ್ ಸೇರಿ ಒಂದಾಗುತ್ತದೆ, ನಾಲ್ಕರ ಸರಾಸರಿ ತೆಗೆದಾಗ ಕಾಳುಕಾಳಾಗಿ ಕಾಣುವ ನಾಯ್ಸ್ ಕಡಿಮೆಯಾಗುತ್ತದೆ. ಬಣ್ಣಕ್ಕೂ ಲಾಭ ಇದೆ. ಇಂಥ ಡ್ರೋನ್‌ಗಳು ವಿಡಿಯೋ ಉಳಿಸುವಾಗ ಬೆಳಕನ್ನು ಪ್ರತಿ ಪಿಕ್ಸೆಲ್ಲಿಗೂ ಬರೆಯುತ್ತವೆ, ಬಣ್ಣವನ್ನು ಮಾತ್ರ ನಾಲ್ಕು ಪಿಕ್ಸೆಲ್ಲಿಗೆ ಒಂದರಂತೆ ಬರೆಯುತ್ತವೆ. ಅಂದರೆ 4ಕೆ ಫೈಲಿನಲ್ಲಿ ಇರುವ ಬಣ್ಣದ ಮಾಹಿತಿ ನಿಜವಾಗಿ 1080ಪಿಯಷ್ಟು. ಅದನ್ನು 1080ಪಿಗೆ ಇಳಿಸಿದಾಗ ಪ್ರತಿ ಪಿಕ್ಸೆಲ್ಲಿಗೂ ತನ್ನದೇ ಬಣ್ಣ ಸಿಗುತ್ತದೆ. ಹೆಂಚಿನ ಕೆಂಪು ಮರದ ಹಸಿರಿಗೆ ತಾಗುವ ಅಂಚನ್ನು ನೋಡಿದರೆ ಗೊತ್ತಾಗುತ್ತದೆ. ನೇರವಾಗಿ ತೆಗೆದದ್ದರಲ್ಲಿ ಕೆಂಪು ಸ್ವಲ್ಪ ಹಸಿರಿನ ಒಳಗೆ ಸೋರಿದಂತೆ ಇತ್ತು, ಇಳಿಸಿದ್ದರಲ್ಲಿ ಅಂಚು ಚೂಪಾಗಿತ್ತು. ಡ್ರೋನ್ ಆಕಾಶದಲ್ಲಿ ಒಂದೊಂದು ಫ್ರೇಮನ್ನೂ ಕಣ್ಣು ಮುಚ್ಚಿ ತೆರೆಯುವುದರೊಳಗೆ ಇಳಿಸಬೇಕು, ನನ್ನ ಕಂಪ್ಯೂಟರಿಗೆ ಅಂಥ ಅವಸರ ಇಲ್ಲ.

ಇನ್ನು ಎಡಿಟ್ ಮಾಡುವಾಗಿನ ಅನುಕೂಲ. ನನಗೆ 4ಕೆ ಇಷ್ಟವಾಗಲು ದೊಡ್ಡ ಕಾರಣ ಇದೇ. ದಿಗಂತ ಸೊಟ್ಟಗಿರುವ ಶಾಟ್ ಯಾರ ಹತ್ತಿರ ಇಲ್ಲ ಹೇಳಿ. ಅಡ್ಡಗಾಳಿ ಬೀಸಿದಾಗ ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವ ಗಿಂಬಲ್ ಎಷ್ಟೇ ಹಿಡಿದರೂ ಒಂದೆರಡು ಡಿಗ್ರಿ ವಾಲಬಹುದು. ಎರಡು ಡಿಗ್ರಿ ನೆಟ್ಟಗೆ ಮಾಡಲು ಚಿತ್ರ ತಿರುಗಿಸಿದರೆ ಮೂಲೆಗಳಲ್ಲಿ ಕಪ್ಪು ಬರುತ್ತದೆ. ಅದನ್ನು ಮುಚ್ಚಲು ಚಿತ್ರವನ್ನು ಸುಮಾರು ಶೇ 6ರಷ್ಟು ಹಿಗ್ಗಿಸಬೇಕು. 1080ಪಿಯಲ್ಲಿ ತೆಗೆದಿದ್ದರೆ ಆ ಹಿಗ್ಗಿಸಿದಷ್ಟೂ ಮಂಕು. 4ಕೆಯಲ್ಲಿ ತೆಗೆದು 1080ಪಿಗೆ ಎಡಿಟ್ ಮಾಡುತ್ತಿದ್ದರೆ ಏನೂ ಕಳೆದುಕೊಳ್ಳುವುದಿಲ್ಲ, ಯಾಕಂದರೆ ಎರಡು ಪಟ್ಟು ತನಕ ಹಿಗ್ಗಿಸಲು ಜಾಗ ಇದೆ. ಅಂಚಿನಲ್ಲಿ ನನ್ನದೇ ತಲೆ ಬಂದಿದ್ದರೆ ಕತ್ತರಿಸಬಹುದು. ನಿಂತಲ್ಲೇ ನಿಂತ ಶಾಟಿಗೆ ನಿಧಾನವಾಗಿ ಹತ್ತಿರ ಹೋಗುವ ಚಲನೆ ಕೊಡಬಹುದು. ಒಂದೇ ಶಾಟಿನಿಂದ ದೂರದ ನೋಟ ಒಂದು, ಹತ್ತಿರದ ನೋಟ ಒಂದು, ಹೀಗೆ ಎರಡು ಮಾಡಬಹುದು.

ಉದ್ದನೆಯ ರೀಲ್ಸ್ ಮಾಡುವವರಿಗೆ ಈ ಲೆಕ್ಕ ಇನ್ನೂ ಮುಖ್ಯ. ಮಿನಿ 2 ಅಡ್ಡಕ್ಕೇ ತೆಗೆಯುತ್ತದೆ. ಫೋನಿಗೆ ಬೇಕಾದ ಉದ್ದನೆಯ ಚಿತ್ರ ಅಂದರೆ 1080 ಅಗಲ, 1920 ಎತ್ತರ. 4ಕೆ ಫ್ರೇಮಿನ ನಡುವಿನಿಂದ ಒಂದು ಉದ್ದ ಪಟ್ಟಿ ಕತ್ತರಿಸಿದರೆ 1215 ಅಗಲ, 2160 ಎತ್ತರ ಸಿಗುತ್ತದೆ, ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ. 2.7ಕೆಯಲ್ಲಿ ಕತ್ತರಿಸಿದರೆ 860 ಅಗಲ, ಒಂದೂಕಾಲು ಪಟ್ಟು ಹಿಗ್ಗಿಸಬೇಕು. 1080ಪಿಯಲ್ಲಿ ಬರೀ 607, ಅದನ್ನು ಎಳೆದು ದೊಡ್ಡದು ಮಾಡಿದರೆ ಚೆನ್ನಾಗಿ ಕಾಣುವುದಿಲ್ಲ. ನಾನು ಹಳೆಯ 1080ಪಿ ವಿಡಿಯೋದಿಂದ ಎರಡು ರೀಲ್ಸ್ ಮಾಡಿ, ನೋಡಿ, ಅಳಿಸಿದೆ.

ವಿಡಿಯೋದಿಂದ ಒಂದು ಫ್ರೇಮ್ ತೆಗೆದು ಫೋಟೋ ಮಾಡಿಕೊಳ್ಳುವ ಅಭ್ಯಾಸ ಇರುವವರಿಗೂ ಇದೇ ಮಾತು. 4ಕೆ ಫ್ರೇಮ್ ಅಂದರೆ ಎಂಟು ಮೆಗಾಪಿಕ್ಸೆಲ್ ಫೋಟೋ, 1080ಪಿ ಅಂದರೆ ಎರಡು.

ಸರಿ, ಕೊನೆಗೆ ನೋಡುವವರ ಕಣ್ಣಿಗೆ ಇದೆಲ್ಲ ಕಾಣುತ್ತದಾ? ಇಲ್ಲಿ 1080ಪಿಗೂ ನ್ಯಾಯ ಸಿಗಬೇಕು. 43 ಇಂಚಿನ ಟಿವಿಯ ಅಗಲ ಸುಮಾರು 95 ಸೆಂಟಿಮೀಟರ್. ಅದರಲ್ಲಿ 1080ಪಿ ಚಿತ್ರ ಹಾಕಿದರೆ ಒಂದು ಪಿಕ್ಸೆಲ್ ಅರ್ಧ ಮಿಲಿಮೀಟರ್. ಸಾಮಾನ್ಯ ದೃಷ್ಟಿಯ ಕಣ್ಣಿಗೆ ಅರ್ಧ ಮಿಲಿಮೀಟರ್ ಬೇರೆ ಬೇರೆಯಾಗಿ ಕಾಣುವುದು ಸುಮಾರು ಒಂದೂಮುಕ್ಕಾಲು ಮೀಟರ್ ದೂರದ ತನಕ. ಅದಕ್ಕಿಂತ ಹಿಂದೆ ಕೂತರೆ 4ಕೆಯ ಸೂಕ್ಷ್ಮ ಕಣ್ಣಿಗೆ ಸಿಗುವುದಿಲ್ಲ. ಆರೂವರೆ ಇಂಚಿನ ಫೋನಿನಲ್ಲಂತೂ ಕೇಳುವುದೇ ಬೇಡ. ಹಾಗಾಗಿ ಮುಗಿದ ವಿಡಿಯೋ 1080ಪಿಯಲ್ಲಿದ್ದರೆ ಯಾವ ತೊಂದರೆಯೂ ಇಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ತೆಗೆಯುವುದು ಬೇರೆ, ತೋರಿಸುವುದು ಬೇರೆ. ಈ ಎರಡನ್ನು ನಾನು ಒಂದೇ ಅಂದುಕೊಂಡಿದ್ದರಿಂದಲೇ ಬೆಳ್ಳಕ್ಕಿಗಳು ಹೋದವು.

ಯೂಟ್ಯೂಬಿಗೆ ಹಾಕುವುದಾದರೆ ಮಾತ್ರ 4ಕೆಯಲ್ಲೇ ಹಾಕಿ. ಯೂಟ್ಯೂಬ್ ತನ್ನ ಸೂಚನೆಗಳಲ್ಲಿ 30 ಫ್ರೇಮಿನ 1080ಪಿಗೆ 8 ಮೆಗಾಬಿಟ್ ಬಿಟ್‌ರೇಟ್ ಹೇಳುತ್ತದೆ, 4ಕೆಗೆ 35ರಿಂದ 45. ಅಪ್‌ಲೋಡ್ ಆದ ಮೇಲೆ ಅವರು ಮತ್ತೆ ಹಿಂಡುತ್ತಾರೆ, ಅಂದರೆ ಫೈಲನ್ನು ಚಿಕ್ಕದು ಮಾಡುತ್ತಾರೆ. ಡ್ರೋನ್ ವಿಡಿಯೋದಲ್ಲಿ ಪ್ರತಿ ಎಲೆಯೂ ಅಲುಗುತ್ತಿರುತ್ತದೆ, ಪ್ರತಿ ಅಲೆಯೂ ಬದಲಾಗುತ್ತಿರುತ್ತದೆ, ಹಿಂಡುವ ತಂತ್ರಾಂಶಕ್ಕೆ ಇದಕ್ಕಿಂತ ಕಷ್ಟದ ಕೆಲಸ ಇಲ್ಲ. 4ಕೆಗೆ ಜಾಸ್ತಿ ಬಿಟ್‌ರೇಟ್ ಸಿಗುವುದರಿಂದ ಸಾಧಾರಣ ಪರದೆಯಲ್ಲಿ ನೋಡುವವರಿಗೂ ಕಾಡು ಕಾಡಾಗಿಯೇ ಕಾಣುತ್ತದೆ, ಕಲಸಿದ ಹಿಟ್ಟಿನ ಹಾಗೆ ಅಲ್ಲ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ವಿಡಿಯೋ ಆಗಿ ಕಳಿಸಿದರೆ ನೀವು ಯಾವ ರೆಸಲ್ಯೂಶನ್ನಿನಲ್ಲಿ ತೆಗೆದರೂ ಅದು ಹಿಂಡಿಬಿಡುತ್ತದೆ.

2.7ಕೆ ಬಗ್ಗೆ ಎರಡು ಮಾತು. 2720 ಅಗಲ, 1530 ಎತ್ತರ, ಅಂದರೆ 1080ಪಿಯ ಎರಡರಷ್ಟು ಪಿಕ್ಸೆಲ್, 4ಕೆಯ ಅರ್ಧ. ನಾನು ಎರಡು ತಿಂಗಳು ಇದನ್ನೇ ಬಳಸಿದೆ, ನಡುವಿನ ದಾರಿ ಒಳ್ಳೆಯದು ಅಂತ. ಕೆಟ್ಟದೇನಲ್ಲ. 1080ಪಿಗೆ ಎಡಿಟ್ ಮಾಡುವಾಗ ದಿಗಂತ ನೆಟ್ಟಗೆ ಮಾಡಲು, ಅಂಚು ಕತ್ತರಿಸಲು ಬೇಕಾದಷ್ಟು ಜಾಗ ಕೊಡುತ್ತದೆ. ನಿಮ್ಮ ಡ್ರೋನ್‌ನಲ್ಲಿ 4ಕೆ ಇಲ್ಲದಿದ್ದರೆ, ಉದಾಹರಣೆಗೆ ಮೊದಲ ಮ್ಯಾವಿಕ್ ಮಿನಿಯಲ್ಲಿ 2.7ಕೆಯೇ ಕೊನೆ, ಆಗ ಕಣ್ಣು ಮುಚ್ಚಿ ಇದನ್ನೇ ಇಡಿ. ಆದರೆ ಟಿವಿ, ಫೋನ್, ಕಂಪ್ಯೂಟರ್ ಯಾವುದರ ಪರದೆಯೂ ಈ ಅಳತೆಯಲ್ಲಿ ಇರುವುದಿಲ್ಲ, ಎಲ್ಲಿ ತೋರಿಸಿದರೂ ಹಿಗ್ಗಿಸಬೇಕು ಇಲ್ಲವೇ ಕುಗ್ಗಿಸಬೇಕು. 4ಕೆ ಇರುವ ಡ್ರೋನ್‌ನಲ್ಲಿ 30 ಫ್ರೇಮಿಗೆ 2.7ಕೆ ಇಡಲು ನನಗೆ ಈಗ ಕಾರಣ ಕಾಣುತ್ತಿಲ್ಲ.

60 ಫ್ರೇಮ್ ಬೇಕು ಅನ್ನುವವರಿಗೆ ಕಾರಣ ಇರಬಹುದು. ಮಿನಿ 2ರಲ್ಲಿ 60 ಫ್ರೇಮ್ ಬೇಕಾದರೆ 4ಕೆ ಬಿಡಬೇಕು. ಸ್ಲೋ ಮೋಷನ್ ಮಾಡಬಹುದು ಅಂತ ನಾನೂ ಆಸೆಪಟ್ಟು ಕೆಲವು ಸಲ ತೆಗೆದೆ. ಎತ್ತರದಿಂದ ನೋಡುವಾಗ ಎಲ್ಲವೂ ಮೊದಲೇ ನಿಧಾನ. ಎಂಬತ್ತು ಮೀಟರ್ ಮೇಲಿನಿಂದ ರಸ್ತೆಯ ಬೈಕ್ ಕೂಡ ತೆವಳಿದಂತೆ ಕಾಣುತ್ತದೆ, ಅದನ್ನು ಇನ್ನೂ ಅರ್ಧ ವೇಗಕ್ಕೆ ಇಳಿಸಿದರೆ ನೋಡುವವರು ಆಕಳಿಸುತ್ತಾರೆ. ತಗ್ಗಿನಲ್ಲಿ ಹಾರಿಸುತ್ತ ಓಡುವ ನಾಯಿಯನ್ನೋ ಬಂಡೆಗೆ ಅಪ್ಪಳಿಸುವ ಅಲೆಯನ್ನೋ ತೆಗೆಯುವಾಗ ಮಾತ್ರ 2.7ಕೆ, 60 ಫ್ರೇಮ್ ಉಪಯೋಗಕ್ಕೆ ಬಂತು. ಅಲೆ ಒಡೆದು ನೀರು ಹನಿಹನಿಯಾಗಿ ಏಳುವುದು ಅರ್ಧ ವೇಗದಲ್ಲಿ ನಿಜಕ್ಕೂ ಚೆಂದ.

25 ಫ್ರೇಮಾ 30 ಫ್ರೇಮಾ ಅನ್ನುವುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಕರೆಂಟು 50 ಹರ್ಟ್ಸ್ ಇರುವ ಕಡೆ ರಾತ್ರಿ ದೀಪಗಳನ್ನು ತೆಗೆಯುವುದಾದರೆ 25 ಫ್ರೇಮ್ ಇಟ್ಟು ಶಟರ್ 1/50 ಸೆಕೆಂಡ್ ಮಾಡಿ, ದೀಪ ಮಿಣುಕುವುದಿಲ್ಲ. 60 ಹರ್ಟ್ಸ್ ಇರುವ ಕಡೆ 30 ಮತ್ತು 1/60. ಹಗಲಿಗೆ ಯಾವುದಾದರೂ ಸರಿ, ಒಂದೇ ವಿಡಿಯೋದಲ್ಲಿ ಎರಡನ್ನೂ ಬೆರೆಸಬೇಡಿ ಅಷ್ಟೇ.

ಈಗ ಕಾರ್ಡಿನ ವಿಷಯ. 1080ಪಿಯಿಂದ 4ಕೆಗೆ ಬದಲಾದ ಮೊದಲ ದಿನವೇ ನನಗೆ ಪೆಟ್ಟು ಬಿತ್ತು. ಹಳೆಯ ಫೋನಿನಿಂದ ತೆಗೆದ ಕಾರ್ಡನ್ನೇ ಡ್ರೋನಿಗೆ ಹಾಕಿದ್ದೆ, 1080ಪಿಯಲ್ಲಿ ಆರು ತಿಂಗಳು ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ. 4ಕೆಯಲ್ಲಿ ಎರಡು ನಿಮಿಷ ಆಗುವಷ್ಟರಲ್ಲಿ ಕಾರ್ಡ್ ನಿಧಾನ ಇದೆ ಅನ್ನುವ ಎಚ್ಚರಿಕೆ ಬಂದು ರೆಕಾರ್ಡಿಂಗ್ ತಾನೇ ನಿಂತಿತು. ಬಿಸಿಲಿಗೆ ಪರದೆ ಸರಿಯಾಗಿ ಕಾಣುತ್ತಿರಲಿಲ್ಲ, ನಾನು ಗಮನಿಸಲೇ ಇಲ್ಲ. ಬೆಟ್ಟದ ಸುತ್ತ ಪೂರ್ತಿ ಒಂದು ಸುತ್ತು ಬಂದು, ಇಳಿಸಿ, ನೋಡಿದರೆ ಕಾರ್ಡಿನಲ್ಲಿ ಎರಡೇ ನಿಮಿಷ.

ತಪ್ಪು ಕಾರ್ಡಿನದಲ್ಲ, ಅದರ ಮೇಲೆ ಬರೆದದ್ದನ್ನು ನಾನು ಓದಿರಲಿಲ್ಲ. ಸೆಕೆಂಡಿಗೆ 100 ಮೆಗಾಬಿಟ್ ಅಂದರೆ ಎಂಟರಿಂದ ಭಾಗಿಸಿದರೆ 12.5 ಮೆಗಾಬೈಟ್. ಕಾರ್ಡ್ ಮೇಲೆ ಯು ಅಕ್ಷರದೊಳಗೆ 1 ಅಂತ ಇದ್ದರೆ ಅದು ಖಾತ್ರಿ ಕೊಡುವುದು ಸೆಕೆಂಡಿಗೆ 10 ಮೆಗಾಬೈಟ್ ಬರೆಯುವ ವೇಗಕ್ಕೆ ಮಾತ್ರ. ವೃತ್ತದೊಳಗೆ 10 ಅಂತ ಇದ್ದರೂ ಅಷ್ಟೇ. ಯು ಒಳಗೆ 3 ಅಥವಾ ವಿ30 ಅಂತ ಇದ್ದರೆ 30 ಮೆಗಾಬೈಟ್. ಪ್ಯಾಕೆಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯುವ ವೇಗ ಸಾಮಾನ್ಯವಾಗಿ ಓದುವ ವೇಗ, ಅದನ್ನು ನೋಡಿ ಮೋಸ ಹೋಗಬೇಡಿ. ನಮಗೆ ಬೇಕಾದ್ದು ಬರೆಯುವ ವೇಗ, ಅದೂ ಎಡೆಬಿಡದೆ ಬರೆಯುವಾಗಿನ ವೇಗ. ವಿ30 ಕಾರ್ಡ್ ಹಾಕಿದ ಮೇಲೆ ಆ ಎಚ್ಚರಿಕೆ ಮತ್ತೆ ಬಂದಿಲ್ಲ.

ನಕಲಿ ಕಾರ್ಡುಗಳೂ ಇವೆ. ಮೇಲೆ 128 ಜಿಬಿ ಅಂತ ಇರುತ್ತದೆ, ಒಳಗೆ ಅದರ ಕಾಲು ಭಾಗವೂ ಇರುವುದಿಲ್ಲ, ತುಂಬಿದ ಮೇಲೆ ಬರೆದದ್ದೆಲ್ಲ ಹಾಳು. ಹೊಸ ಕಾರ್ಡ್ ತಂದ ದಿನವೇ ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ಎಫ್3 ಅನ್ನುವ ಉಚಿತ ತಂತ್ರಾಂಶದಲ್ಲಿ ಪೂರ್ತಿ ತುಂಬಿಸಿ ಓದಿಸಿ ಪರೀಕ್ಷೆ ಮಾಡಿ. ಒಂದೆರಡು ಗಂಟೆ ಹಿಡಿಯುತ್ತದೆ. ಹಿಡಿಯಲಿ.

ಜಾಗದ ಲೆಕ್ಕ ಹೀಗಿದೆ. 100 ಮೆಗಾಬಿಟ್‌ನಲ್ಲಿ ಒಂದು ನಿಮಿಷಕ್ಕೆ 750 ಎಂಬಿ, ಒಂದು ಗಂಟೆಗೆ 45 ಜಿಬಿ. ನಾನು ಒಂದು ಬ್ಯಾಟರಿಯಲ್ಲಿ ಇಪ್ಪತ್ತು ನಿಮಿಷ ರೆಕಾರ್ಡ್ ಮಾಡಿದರೆ ಹೆಚ್ಚು, ಅದು 15 ಜಿಬಿ. ಮೂರು ಬ್ಯಾಟರಿಗೂ 64 ಜಿಬಿ ಕಾರ್ಡ್ ಸಾಕಾಗುತ್ತದೆ. 1080ಪಿಯಲ್ಲಿ ಜಾಗ ಉಳಿಸುತ್ತೇನೆ ಅನ್ನುವವರು ಮೊದಲು ಈ ಲೆಕ್ಕ ಹಾಕಿ ನೋಡಿ, ಡ್ರೋನ್ ಬ್ಯಾಟರಿ ಮುಗಿಯುವುದು ಯಾವಾಗಲೂ ಕಾರ್ಡಿಗಿಂತ ಮೊದಲು. ಕಾರ್ಡ್ ತುಂಬದ ಮೇಲೆ ಉಳಿಸಿದ್ದು ಏನು? ಮನೆಗೆ ಬಂದ ಮೇಲೆ ಬೇಡದ್ದನ್ನು ಅಳಿಸುವ ಅಭ್ಯಾಸ ಇಟ್ಟುಕೊಂಡರೆ ಹಾರ್ಡ್ ಡಿಸ್ಕಿಗೂ ಹೊರೆಯಾಗುವುದಿಲ್ಲ. ಇಪ್ಪತ್ತು ನಿಮಿಷದಲ್ಲಿ ನಾನು ಇಟ್ಟುಕೊಳ್ಳುವುದು ಮೂರು ನಾಲ್ಕು ನಿಮಿಷ.

ಕಂಪ್ಯೂಟರ್ ಹಳೆಯದು, 4ಕೆ ಎಡಿಟ್ ಮಾಡಿದರೆ ತಡವರಿಸುತ್ತದೆ ಅನ್ನುವುದು ನಿಜವಾದ ಕಷ್ಟ. ನನ್ನದೂ ಹಾಗೇ ಇತ್ತು, ಪ್ಲೇ ಒತ್ತಿದರೆ ಎರಡು ಸೆಕೆಂಡಿಗೊಮ್ಮೆ ನಿಲ್ಲುತ್ತಿತ್ತು. ಇದಕ್ಕೆ ಪ್ರಾಕ್ಸಿ ಅನ್ನುವ ದಾರಿ ಇದೆ. ತಂತ್ರಾಂಶ ನಿಮ್ಮ 4ಕೆ ಫೈಲಿಗೆ ಒಂದು ಚಿಕ್ಕ ನಕಲು ಮಾಡಿಕೊಳ್ಳುತ್ತದೆ, ನೀವು ಆ ನಕಲಿನ ಮೇಲೆ ಕತ್ತರಿಸಿ ಜೋಡಿಸುತ್ತೀರಿ, ಕೊನೆಗೆ ವಿಡಿಯೋ ಹೊರತೆಗೆಯುವಾಗ ಅದು ಅಸಲಿ ಫೈಲನ್ನೇ ಬಳಸುತ್ತದೆ. ಕೆಡೆನ್‌ಲೈವ್ ಪೂರ್ತಿ ಉಚಿತ, ಅದರಲ್ಲಿ ಪ್ರಾಕ್ಸಿ ಒಂದು ಟಿಕ್ ಹಾಕುವಷ್ಟು ಸುಲಭ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೂ ಇದೆ, 3840 ಅಗಲದ 4ಕೆಯನ್ನು 60 ಫ್ರೇಮ್ ತನಕ ಹೊರತೆಗೆಯಲು ಅದು ಬಿಡುತ್ತದೆ. ಪ್ರಾಕ್ಸಿ ತಯಾರಾಗಲು ಸ್ವಲ್ಪ ಹೊತ್ತು ಬೇಕು, ಅಷ್ಟರಲ್ಲಿ ಬ್ಯಾಟರಿ ಚಾರ್ಜಿಗೆ ಹಾಕಿ ಬನ್ನಿ.

ರೆಸಲ್ಯೂಶನ್ ಏರಿಸಿದರೂ ಸರಿಹೋಗದ ಒಂದು ವಿಷಯ ಇದೆ. ಎರಡು ವಾರ 4ಕೆಯಲ್ಲಿ ತೆಗೆದ ಮೇಲೂ ನನ್ನ ವಿಡಿಯೋ ಏನೋ ಕಡ್ಡಿ ಮುರಿದಂತೆ ತಟತಟ ಓಡುತ್ತಿತ್ತು. ರೆಸಲ್ಯೂಶನ್ ಸಾಲದು ಅಂದುಕೊಂಡೆ. ಕಾರಣ ಶಟರ್. ಮಧ್ಯಾಹ್ನದ ಬಿಸಿಲಿಗೆ ಐಎಸ್ಒ 100, ಅಪರ್ಚರ್ ಎಫ್/2.8 ಇದ್ದರೆ ಶಟರ್ 1/3200ರ ಹತ್ತಿರ ಹೋಗುತ್ತದೆ. ಪ್ರತಿ ಫ್ರೇಮೂ ಕಲ್ಲಿನಂತೆ ನಿಂತ ಚಿತ್ರ, ಒಂದರಿಂದ ಇನ್ನೊಂದಕ್ಕೆ ಹಾರಿದಂತೆ ಕಾಣುತ್ತದೆ. ಫ್ರೇಮ್ ಸಂಖ್ಯೆಯ ಎರಡರಷ್ಟು ಶಟರ್ ಇಡಬೇಕು ಅನ್ನುವುದು ಸಿನಿಮಾದವರ ಹಳೆಯ ರೂಢಿ, 25 ಫ್ರೇಮಿಗೆ 1/50. ಅಷ್ಟು ಬಿಸಿಲಲ್ಲಿ 1/50 ಇಟ್ಟರೆ ಚಿತ್ರ ಪೂರ್ತಿ ಬೆಳ್ಳಗಾಗುತ್ತದೆ. ಅಪರ್ಚರ್ ಮುಚ್ಚಲು ಬರುವುದಿಲ್ಲ, ಹಾಗಾಗಿ ಲೆನ್ಸಿನ ಮೇಲೆ ಕಪ್ಪು ಗಾಜು, ಅಂದರೆ ಎನ್‌ಡಿ ಫಿಲ್ಟರ್ ಹಾಕಬೇಕು. ಎನ್‌ಡಿ64 ಬೆಳಕನ್ನು 64ರಲ್ಲಿ ಒಂದು ಪಾಲಿಗೆ ಇಳಿಸುತ್ತದೆ, 3200ನ್ನು 64ರಿಂದ ಭಾಗಿಸಿದರೆ ಸರಿಯಾಗಿ 50. ಮೋಡ ಇದ್ದರೆ ಎನ್‌ಡಿ16, ಸಂಜೆಗೆ ಎನ್‌ಡಿ8 ಅಥವಾ ಏನೂ ಬೇಡ. ನಿಮ್ಮ ಮಾದರಿಗೆಂದೇ ಮಾಡಿದ ಹಗುರ ಫಿಲ್ಟರ್ ತೆಗೆದುಕೊಳ್ಳಿ, ಡ್ರೋನ್ ಆನ್ ಮಾಡುವ ಮೊದಲೇ ಹಾಕಿ, ಇಲ್ಲದಿದ್ದರೆ ಗಿಂಬಲ್ ಒದ್ದಾಡುತ್ತದೆ. ಸರಿಯಾದ ಫಿಲ್ಟರ್ ಹಾಕಿ ತೆಗೆದ 1080ಪಿ, ಫಿಲ್ಟರ್ ಇಲ್ಲದೆ ತೆಗೆದ 4ಕೆಗಿಂತ ನೋಡಲು ಹಿತವಾಗಿರುತ್ತದೆ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ.

ಕತ್ತಲಲ್ಲೂ ಹಾಗೇ. ಇಷ್ಟು ಚಿಕ್ಕ ಸೆನ್ಸರಿಗೆ ಸೂರ್ಯ ಮುಳುಗಿದ ಮೇಲೆ 4ಕೆ ಇಟ್ಟರೂ ಬರುವುದು ಜಾಸ್ತಿ ನಾಯ್ಸ್. ಆಗ 1080ಪಿಗೆ ಇಳಿಸಿ ಹೊರತೆಗೆದರೆ ಸ್ವಲ್ಪ ಸುಧಾರಿಸುತ್ತದೆ.

ಇನ್ನೊಂದು ಮಾತು ಹೊಸಬರಿಗೆ. ಹಾರಿಸುವಾಗ ಫೋನಿನಲ್ಲಿ ಉಳಿಯುವ ವಿಡಿಯೋ ಅಸಲಿಯಲ್ಲ. ಅದು ಡ್ರೋನ್ ಗಾಳಿಯಲ್ಲಿ ಕಳಿಸುವ ಚಿಕ್ಕ ನಕಲು. ಅದನ್ನೇ ನೋಡಿ 4ಕೆ ಹೀಗೇನಾ ಅಂತ ಬೇಸರ ಮಾಡಿಕೊಂಡವರನ್ನು ನೋಡಿದ್ದೇನೆ. ಕಾರ್ಡ್ ತೆಗೆದು ರೀಡರಿಗೆ ಹಾಕಿ ನೋಡಿ. ಜೂಮ್ ಬಗ್ಗೆಯೂ ಅಷ್ಟೇ, ಮಿನಿ 2ರಲ್ಲಿ 1080ಪಿ ಇಟ್ಟರೆ ಎರಡು ಪಟ್ಟು ತನಕ ಗುಣಮಟ್ಟ ಕಳೆಯದ ಜೂಮ್ ಸಿಗುತ್ತದೆ. 4ಕೆಯಲ್ಲಿ ತೆಗೆದು ಆಮೇಲೆ ನಡುವಿನ ಕಾಲು ಭಾಗ ಕತ್ತರಿಸಿದರೂ ಸಿಗುವುದು ಹೆಚ್ಚುಕಮ್ಮಿ ಅದೇ, ಆದರೆ ಸುತ್ತಲಿನ ಚಿತ್ರವೂ ನಿಮ್ಮ ಕೈಯಲ್ಲಿ ಉಳಿದಿರುತ್ತದೆ.

ನಾನು ಈಗಲೂ 1080ಪಿ ಇಡುವ ಸಂದರ್ಭ ಒಂದಿದೆ. ಮನೆಯ ಮಾಡಿನ ಹೆಂಚು ಸರಿದಿದೆಯಾ, ನೀರಿನ ಟ್ಯಾಂಕಿನ ಮುಚ್ಚಳ ಹಾರಿದೆಯಾ ಅಂತ ನೋಡಿ, ತಕ್ಷಣ ಫೋನಿಗೆ ಇಳಿಸಿ ಯಾರಿಗಾದರೂ ಕಳಿಸಿ, ಅಳಿಸುವಂಥ ವಿಡಿಯೋ. ಇಳಿಯಲು ಬೇಗ, ಕಳಿಸಲು ಬೇಗ. ಉಳಿದದ್ದೆಲ್ಲ 4ಕೆ, 25 ಫ್ರೇಮ್, ಶಟರ್ 1/50, ವಿ30 ಕಾರ್ಡ್.

ಹೋದ ತಿಂಗಳು ಅದೇ ಕೆರೆಗೆ ಮತ್ತೆ ಹೋಗಿದ್ದೆ. ಮಂಜು ಇರಲಿಲ್ಲ, ಬೆಳ್ಳಕ್ಕಿಗಳು ಇದ್ದವು, ಹೋದ ಸಲದಷ್ಟಲ್ಲ, ಒಂಬತ್ತು. ನೂರು ಮೀಟರ್ ದೂರದಲ್ಲೇ ನಿಲ್ಲಿಸಿ ಕಾದೆ. ಎದ್ದವು, ಕೆರೆ ದಾಟಿದವು. ಮನೆಗೆ ಬಂದು ಎರಡು ಪಟ್ಟು ಹತ್ತಿರಕ್ಕೆ ಕತ್ತರಿಸಿ ನೋಡಿದೆ. ಮುಂದಿನ ಹಕ್ಕಿ ಚೌಕಟ್ಟು ದಾಟುವಷ್ಟರಲ್ಲಿ ಎಷ್ಟು ಸಲ ರೆಕ್ಕೆ ಬಡಿಯಿತು ಅಂತ ಎಣಿಸಬಹುದಾಗಿತ್ತು. ಎಣಿಸಿದೆ, ಹದಿನೇಳು.